ಮುಟ್ಟದೆ ಸುಡುವ ಬಿಸಿ: ಝಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಕಡೆ ಎಲ್ಲರ ಬಾಯಲ್ಲೂ ಬಿಸಿಲಿನ ಮಾತೇ. ಶಾಲೆಗಳಲ್ಲಿ, ಮನೆ ಕಟ್ಟಿಸುವವರ ಜೊತೆ, ಭಟ್ಟಿ ಕೆಲಸದವರ ಜೊತೆ ಮಾತಾಡುವಾಗ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪತ್ರದಲ್ಲಿ ಬಂದವೂ ಇವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಮ್ಮ ಬೇಸಿಗೆಯ ಕಷ್ಟದಲ್ಲಿ ದೊಡ್ಡ ಪಾಲು ಗಾಳಿಯಿಂದ ಬರುವುದಿಲ್ಲ. ಸುತ್ತಲಿನ ಕಾದ ಸೂರು, ಗೋಡೆ, ನೆಲದಿಂದ ಬರುತ್ತದೆ. ಇದು ತಿಳಿದರೆ ಕಮ್ಮಿ ಖರ್ಚಿನಲ್ಲೇ ಎಷ್ಟೋ ಬಿಸಿಯನ್ನು ತಡೆಯಬಹುದು. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

## ಮೊದಲ ಪ್ರಶ್ನೆಗಳು

ಬೆಂಕಿ ಮುಟ್ಟಿಲ್ಲ, ನಡುವಿನ ಗಾಳಿನೂ ಅಷ್ಟೇನು ಬಿಸಿ ಇಲ್ಲ. ಆದ್ರೂ ಮುಖ ಸುಡುತ್ತಲ್ಲ, ಅದು ಹೇಗೆ?

ಕಾದ ವಸ್ತು ತನ್ನ ಶಕ್ತಿಯನ್ನು ಅಲೆಗಳಾಗಿ ಸುತ್ತಲೂ ಬಿಡುತ್ತಲೇ ಇರುತ್ತದೆ. ಈ ಅಲೆಗಳು ಬೆಳಕಿನ ಜಾತಿಯವೇ. ಬೆಳಕಿನ ವೇಗದಲ್ಲೇ ಓಡುತ್ತವೆ. ಆದರೆ ಹೆಚ್ಚಿನವು ಕಣ್ಣಿಗೆ ಕಾಣುವುದಿಲ್ಲ. ಅವನ್ನು ಅವಗೆಂಪು ಕಿರಣ, ಇನ್‌ಫ್ರಾರೆಡ್ ಎನ್ನುತ್ತಾರೆ. ನಿಮ್ಮ ಚರ್ಮಕ್ಕೆ ಬಡಿದಾಗ ಚರ್ಮ ಅವನ್ನು ಹೀರಿಕೊಂಡು ಬಿಸಿಯಾಗುತ್ತದೆ. ಹೀಗೆ ಕಿರಣವಾಗಿ ಬರುವ ಬಿಸಿಯನ್ನೇ ಇಲ್ಲಿ ಝಳ ಎಂದಿದ್ದೇನೆ. ನಡುವಿನ ಗಾಳಿಗೆ ಇದರಲ್ಲಿ ಹೆಚ್ಚಿನ ಪಾತ್ರವಿಲ್ಲ.

ಒಲೆ ಮುಂದೆ ಕೂತಾಗ ಮುಖಕ್ಕೆ ಅಡ್ಡವಾಗಿ ಒಂದು ಪೇಪರ್ ಹಿಡಿಯಿರಿ. ಝಳ ತಕ್ಷಣ ನಿಲ್ಲುತ್ತದೆ. ಗಾಳಿ ಅಷ್ಟು ಬೇಗ ತಣ್ಣಗಾಗಲು ಸಾಧ್ಯವೇ ಇಲ್ಲ, ಅಲ್ವಾ? ನಿಂತದ್ದು ನೇರವಾಗಿ ಬರುತ್ತಿದ್ದ ಕಿರಣ ಮಾತ್ರ.

ವಹನ, ಸಂವಹನ, ವಿಕಿರಣ ಅಂತ ಮಕ್ಕಳ ಪುಸ್ತಕದಲ್ಲಿದೆ. ಒಂದೇ ಉದಾಹರಣೆಲಿ ಮೂರನ್ನೂ ತೋರಿಸಿ ಸರ್.

ಸೌದೆ ಉರಿಸುವ ಯಾವುದಾದರೂ ಬೆಣ್ಣೆ ದೋಸೆ ಹೋಟೆಲಿನ ಒಲೆ ಹತ್ತಿರ ನಿಂತು ನೋಡಿ. ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹುಯ್ಯುತ್ತಾರೆ. ಚುಂಯ್ ಎಂದು ಸದ್ದು ಬಂದು ತಳ ಕೆಂಪಾಗುತ್ತದೆ. ಇಲ್ಲಿ ಕಬ್ಬಿಣವೇ ಹಿಟ್ಟನ್ನು ಮುಟ್ಟಿ ಬಿಸಿ ಕೊಡುತ್ತಿದೆ. ಇದು ವಹನ. ದೋಸೆ ಬೇಯುವುದು ಮುಖ್ಯವಾಗಿ ಇದರಿಂದಲೇ.

ಒಲೆಯ ಹೊಗೆ, ಬಿಸಿ ಗಾಳಿ ಮೇಲಕ್ಕೆದ್ದು ಚಿಮಣಿ ಸೇರುತ್ತವೆ. ಇಲ್ಲಿ ಗಾಳಿಯೇ ಚಲಿಸಿ, ತನ್ನ ಜೊತೆ ಬಿಸಿಯನ್ನು ಹೊತ್ತೊಯ್ಯುತ್ತದೆ. ಇದು ಸಂವಹನ.

ಇನ್ನು ಒಲೆಯ ಬಾಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿರುತ್ತದೆ. ಎದುರು ನಿಂತವರ ಮೊಣಕಾಲ ಕೆಳಗೆ ಸುಡುತ್ತದೆ, ಹಿಂಗಾಲಿಗೆ ಏನೂ ಇಲ್ಲ. ಇದು ವಿಕಿರಣ.

ಕಾವಲಿ ಕಾದಿದೆಯಾ ಎಂದು ಭಟ್ಟರು ಅಂಗೈ ಮೇಲೆ ಹಿಡಿದು ನೋಡುವಾಗ ಏಳುವ ಗಾಳಿ, ಝಳ ಎರಡೂ ಕೈಗೆ ತಾಗುತ್ತವೆ. ಕಾದ ಗೋಡೆಯ ಎದುರು ಅಂಗೈ ಹಿಡಿದರೆ ಹಾಗಲ್ಲ. ಗೋಡೆಯನ್ನು ತಾಗಿದ ಗಾಳಿ ನೇರ ಮೇಲಕ್ಕೆ ಹೋಗಿಬಿಡುತ್ತದೆ, ಒಂದು ಗೇಣು ದೂರದಲ್ಲಿ ಕೈಗೆ ಸಿಗುವುದು ಬಹುತೇಕ ಝಳವೇ. ಮಕ್ಕಳಿಗೆ ಕಲಿಸಲು ಇದು ಚೆನ್ನಾದ ಪಾಠ.

ಸೂರ್ಯನ ಬಿಸಿ ಮೇಲಿಂದ ಬರುತ್ತೆ. ಹಾಗಾದ್ರೆ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಇನ್ನೂ ಸೆಕೆ ಇರಬೇಕಿತ್ತಲ್ಲ?

ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ನಡುವೆ ಹೆಚ್ಚುಕಮ್ಮಿ ಏನೂ ಇಲ್ಲ. ಆ ಬರಿದಾದ ಜಾಗದಲ್ಲಿ ವಹನವೂ ನಡೆಯದು, ಸಂವಹನವೂ ನಡೆಯದು. ಕಿರಣಗಳು ಮಾತ್ರ 8 ನಿಮಿಷ 20 ಸೆಕೆಂಡಿನಲ್ಲಿ ಇಲ್ಲಿಗೆ ತಲುಪುತ್ತವೆ. ವಾತಾವರಣದ ಹೊರಗೆ ಸೂರ್ಯನಿಗೆ ಎದುರಾದ ಪ್ರತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಬೀಳುತ್ತದೆ.

ಗಾಳಿ ಇದರಲ್ಲಿ ಸ್ವಲ್ಪವನ್ನಷ್ಟೇ ಹೀರುತ್ತದೆ. ಹೆಚ್ಚಿನದು ನೆಲಕ್ಕೆ ಬಿದ್ದು ನೆಲ ಕಾಯುತ್ತದೆ, ಆಮೇಲೆ ನೆಲದಿಂದ ಗಾಳಿ ಕಾಯುತ್ತದೆ. ಬಿಸಿ ಗಾಳಿ ಮೇಲೇರುವಾಗ ಹಿಗ್ಗಿ ತಣ್ಣಗಾಗುತ್ತದೆ. ಹಾಗಾಗಿ ಜೋಗಿಮಟ್ಟಿಯಲ್ಲಿ ಗಾಳಿ ತಂಪು. ಬಿಸಿಲಿಗೆ ನಿಂತರೆ ಅಲ್ಲೂ ಚುರುಗುಟ್ಟುತ್ತದೆ.

ವಿಕಿರಣ ಅಂದ್ರೆ ಎಕ್ಸ್‌ರೇ ಥರ ಅಪಾಯ ಅಲ್ವಾ?

ಹೆಸರು ಒಂದೇ, ಕೆಲಸ ಬೇರೆ. ಎಕ್ಸ್‌ರೇ, ಅಣು ವಿಕಿರಣಕ್ಕೆ ಜೀವಕೋಶದೊಳಗಿನ ಅಣುಗಳನ್ನು ಒಡೆಯುವ ಬಲವಿದೆ. ಝಳಕ್ಕೆ ಅದಿಲ್ಲ, ಅದು ಬಿಸಿ ಮಾಡುತ್ತದೆ ಅಷ್ಟೆ. ಗೋಡೆ, ಹಸು, ನೀವು, ನಾನು ಎಲ್ಲರೂ ಸದಾ ಅದನ್ನು ಹೊರಬಿಡುತ್ತಿರುತ್ತೇವೆ. ಅತಿಯಾದ ಬಿಸಿಯಿಂದ ಆಗುವ ತೊಂದರೆ ಮಾತ್ರ ನಿಜ. ಅದನ್ನು ಭಟ್ಟಿಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

## ಮನೆ, ಸೂರು, ನೆರಳು

ರಾತ್ರಿ ಹತ್ತಾದ್ರೂ ರೂಮಲ್ಲಿ ಧಗೆ. ಕಿಟಕಿ ತೆಗೆದು ಫ್ಯಾನ್ ಫುಲ್ ಇಟ್ರೂ ಹೋಗಲ್ಲ. ಯಾಕ್ರೀ?

ಹೊರಗೆ ಗಾಳಿ ತಣ್ಣಗಾಗಿರುತ್ತದೆ, ಕಿಟಕಿಯಿಂದ ಒಳಗೂ ಬಂದಿರುತ್ತದೆ. ಆದರೆ ನಿಮ್ಮ ತಲೆ ಮೇಲೆ ಹಗಲಿಡೀ ಕಾದ ಆರ್‌ಸಿಸಿ ಸೂರಿದೆ. ಏಪ್ರಿಲ್ ನಡು ಮಧ್ಯಾಹ್ನ ಮೋಡವಿಲ್ಲದಾಗ ತಾರಸಿಯ ಪ್ರತಿ ಚದರ ಮೀಟರಿಗೆ ಸಾವಿರ ವ್ಯಾಟ್ ಹತ್ತಿರ ಬಿಸಿಲು ಬೀಳುತ್ತದೆ. ಆ ಬಿಸಿ ಕಾಂಕ್ರೀಟ್ ದಾಟಿ ಒಳಮೈಗೆ ಬರಲು ಕೆಲವು ಗಂಟೆ ಬೇಕು. ನೀವು ಊಟ ಮುಗಿಸಿ ಮಲಗುವ ಹೊತ್ತಿಗೆ ಅದು ಒಳಗೆ ಇಳಿಯುತ್ತಿರುತ್ತದೆ.

ಲೆಕ್ಕ ನೋಡಿ. ಸೂರಿನ ಒಳಮೈ 45 ಡಿಗ್ರಿ ಇದ್ದರೆ ಪ್ರತಿ ಚದರ ಮೀಟರಿನಿಂದ ಸುಮಾರು 580 ವ್ಯಾಟ್ ಝಳ ಬರುತ್ತದೆ. 34 ಡಿಗ್ರಿ ಇರುವ ನಿಮ್ಮ ಚರ್ಮ ಸುಮಾರು 500 ವ್ಯಾಟ್ ವಾಪಸ್ ಬಿಡುತ್ತದೆ. ಅಂದರೆ ಸೂರಿಗೆ ಎದುರಾಗಿ ಮಲಗಿದ ಮೈಗೆ ಚದರ ಮೀಟರಿಗೆ 75 ವ್ಯಾಟ್‌ನಷ್ಟು ಬಿಸಿ ಸೇರುತ್ತಲೇ ಇರುತ್ತದೆ. ಅದೇ ಸೂರು 30 ಡಿಗ್ರಿ ಇದ್ದರೆ ನಿಮ್ಮ ಮೈಯಿಂದಲೇ 25 ವ್ಯಾಟ್ ಹೊರಗೆ ಹೋಗುತ್ತದೆ. ಗಾಳಿ ಅದೇ, ಫ್ಯಾನ್ ಅದೇ. ಒಂದು ಕಡೆ ಬೇಗೆ, ಇನ್ನೊಂದು ಕಡೆ ನಿದ್ದೆ.

ಬಿಸಿ ಗಾಳಿ ಮೇಲಕ್ಕೇ ಹೋಗಬೇಕು, ಕೆಳಗೆ ಹೇಗೆ ಬಂತು ಎಂದು ಕೆಲವರು ಕೇಳುತ್ತಾರೆ. ಮೇಲಕ್ಕೇ ಹೋಗುವುದು ಗಾಳಿ. ಕಿರಣಕ್ಕೆ ಮೇಲೆ ಕೆಳಗೆ ಎಂಬ ಭೇದವಿಲ್ಲ. ಫ್ಯಾನ್ ಬೆವರನ್ನು ಆರಿಸಿ ಸಹಾಯ ಮಾಡುತ್ತದೆ, ನಿಜ. ಆದರೆ ಕಿರಣವನ್ನು ಬೀಸಿ ಓಡಿಸಲು ಅದರಿಂದ ಆಗದು.

ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣು ದಾಟಿ ಬರುವಷ್ಟರಲ್ಲಿ ಬಿಸಿ ಬಹಳ ಕಮ್ಮಿಯಾಗುತ್ತಿತ್ತು. ಹಿರಿಯರು ಅದನ್ನು ನೆನೆಸಿಕೊಳ್ಳುವುದರಲ್ಲಿ ಅರ್ಥವಿದೆ.

ತಾರಸಿಗೆ ಸುಣ್ಣ ಬಳಿಯೋದಾ, ಬೆಳ್ಳಿ ಬಣ್ಣದ ಪೇಂಟ್ ಹೊಡೆಸೋದಾ? ಬೆಳ್ಳಿ ಜಾಸ್ತಿ ಹೊಳೆಯುತ್ತಲ್ಲ.

ಬಿಳಿಯನ್ನೇ ಬಳಿಯಿರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ದುಡ್ಡು ಕೊಟ್ಟು ಮೋಸ ಹೋಗುವ ಜಾಗ ಇದು.

ಬಿಸಿಲಿಗೆ ಬಿದ್ದ ಯಾವ ಮೈಗೂ ಎರಡು ಗುಣ ಬೇಕು. ಬಿಸಿಲನ್ನು ವಾಪಸ್ ಕಳಿಸಬೇಕು. ಒಳಗೆ ಸೇರಿದ ಚೂರು ಬಿಸಿಯನ್ನೂ ಅವಗೆಂಪು ಕಿರಣವಾಗಿ ಬೇಗ ಹೊರಹಾಕಬೇಕು. ಹೊಸದಾಗಿ ಬಳಿದ ಸುಣ್ಣ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಹೊರಹಾಕುವುದರಲ್ಲೂ ಮುಂದು. ಅವಗೆಂಪು ಕಿರಣದ ಮಟ್ಟಿಗೆ ಸುಣ್ಣವೂ ಕಾಡಿಗೆಯೂ ಹತ್ತಿರ ಹತ್ತಿರ ಒಂದೇ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಬಿಸಿಲನ್ನು ಸ್ವಲ್ಪ ತಡೆಯುತ್ತದೆ, ಆದರೆ ಸೇರಿದ ಬಿಸಿಯನ್ನು ಬೇಗ ಬಿಡುವುದಿಲ್ಲ. ಹೊಸ ತಗಡಿನ ಶೀಟ್ ಹೊಳೆಯುತ್ತಿದ್ದರೂ ಕೈ ಇಡಲಾಗದಷ್ಟು ಸುಡುವುದು ಇದೇ ಕಾರಣಕ್ಕೆ.

ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಧೂಳು ಕೂತು ಮಂಕಾಗುತ್ತದೆ. ಯುಗಾದಿ ಹೊತ್ತಿಗೆ ತಾರಸಿ ತೊಳೆದು ಎರಡು ಕೋಟ್ ಬಳಿದರೆ ಬೇಸಿಗೆ ಪೂರ್ತಿ ಬರುತ್ತದೆ. ಕೂಲ್ ರೂಫ್ ಪೇಂಟ್ ಎಂದು ಮಾರುವುದೂ ಬಿಳಿಯದೇ. ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ.

ಶೀಟಿನ ಮನೆ ನಮ್ದು. ಒಳಗಿನಿಂದ ಏನಾದ್ರೂ ಮಾಡಬಹುದಾ?

ಮಾಡಬಹುದು. ಶೀಟಿಗೂ ನಿಮಗೂ ನಡುವೆ ಒಂದು ಪರದೆ ಬೇಕು. ಚಾಪೆಯೋ, ತೆಳು ಹಲಗೆಯೋ ಆದೀತು. ಅದಕ್ಕೂ ಶೀಟಿಗೂ ನಡುವೆ ಒಂದು ಗೇಣು ಜಾಗ ಬಿಡಿ. ಆ ಜಾಗದ ಎರಡೂ ತುದಿ ತೆರೆದಿದ್ದರೆ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಹೊಳೆಯದ ಸಾಮಾನ್ಯ ಪರದೆ ಒಂದಿದ್ದರೆ ಝಳ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ, ಎರಡಿದ್ದರೆ ಮೂರನೇ ಒಂದಕ್ಕೆ.

ಪರದೆಯ ಮೇಲೆ ಅಲ್ಯೂಮಿನಿಯಂ ಹಾಳೆ ಅಂಟಿಸಿದರೆ ಇನ್ನೂ ಒಳ್ಳೆಯದು. ಹೊಳೆಯುವ ಹಾಳೆ ಝಳವನ್ನು ಹೀರುವುದೂ ಕಮ್ಮಿ, ಬಿಡುವುದೂ ಕಮ್ಮಿ. ಆದರೆ ಹಾಳೆಯ ಹೊಳೆಯುವ ಕಡೆ ಖಾಲಿ ಜಾಗ ಇರಲೇಬೇಕು. ಶೀಟಿಗೇ ಒತ್ತಿ ಅಂಟಿಸಿ, ಅದರ ಮೇಲೆ ಮತ್ತೇನೋ ಒತ್ತಿದರೆ ಬಿಸಿ ಮುಟ್ಟಿ ಮುಟ್ಟಿಯೇ ದಾಟಿಬಿಡುತ್ತದೆ. ಅಂಥ ಹಾಳೆ ಸುಮ್ನೆ ದಂಡ. ಒಲೆ, ದೀಪದ ಮೇಲ್ಭಾಗದಲ್ಲಿ ಮಾತ್ರ ಬಟ್ಟೆ, ಚಾಪೆ ಕಟ್ಟಲೇಬೇಡಿ.

ಬಸ್ ಸ್ಟಾಪಿನ ಶೀಟಿನ ನೆರಳಿಗಿಂತ ಬೇವಿನ ಮರದ ಕೆಳಗೇ ತಂಪು. ಎರಡೂ ನೆರಳೇ ತಾನೆ?

ಬಿಸಿಲನ್ನು ಎರಡೂ ತಡೆಯುತ್ತವೆ. ಆದರೆ ತಡೆದ ಶೀಟ್ ತಾನೇ 60 ಡಿಗ್ರಿ ದಾಟಿ ಕಾದು ನಿಮ್ಮ ತಲೆ ಮೇಲೆ ಝಳ ಸುರಿಸುತ್ತದೆ. ಬೇವಿನ ಎಲೆಗಳು ನೀರಾವಿ ಬಿಡುತ್ತಾ ಗಾಳಿಯಷ್ಟೇ ಬಿಸಿಯಲ್ಲಿ ಉಳಿಯುತ್ತವೆ. ಸಣ್ಣ ಎಲೆಗಳಾದ್ದರಿಂದ ಗಾಳಿಯೂ ಅವನ್ನು ಬೇಗ ತಣಿಸುತ್ತದೆ. ಮೇಲಿನ ಎಲೆ ಕಾದರೂ ಅದರ ಝಳವನ್ನು ಕೆಳಗಿನ ಎಲೆ ತಡೆಯುತ್ತದೆ. ಮರದ ಕೆಳಗಿನ ನೆಲಕ್ಕೂ ಬಿಸಿಲು ಬಿದ್ದಿರುವುದಿಲ್ಲ.

ರಸ್ತೆ ಅಗಲಕ್ಕೆಂದು ಮರ ಕಡಿದು, ಆ ಜಾಗದಲ್ಲಿ ತಗಡಿನ ತಂಗುದಾಣ ಕಟ್ಟಿದರೆ ನೆರಳು ಕೊಟ್ಟ ಹಾಗಾಗುವುದಿಲ್ಲ. ಈ ಮಾತನ್ನು ಸಂಬಂಧಪಟ್ಟವರಿಗೆ ಹೇಳುತ್ತಲೇ ಇರಬೇಕು.

ದುರ್ಗದ ಕೋಟೆಗೆ ಸಂಜೆ ಹೋದ್ರೂ ಬಂಡೆಗಳ ನಡುವೆ ಬೇಯುತ್ತೆ. ಬಿಸಿಲು ಇಳಿದಿರುತ್ತಲ್ಲ?

ಏಳು ಸುತ್ತಿನ ಕೋಟೆಯ ಬಂಡೆಗಳು ಭಾರಿ ಗಾತ್ರದವು. ಬೆಳಗಿನಿಂದ ಕುಡಿದ ಬಿಸಿಯನ್ನು ಸಂಜೆಯಿಂದ ನಿಧಾನಕ್ಕೆ ಬಿಡುತ್ತವೆ. ಬಯಲಲ್ಲಿ ನಿಂತರೆ ನಿಮ್ಮ ಸುತ್ತ ಅರ್ಧ ಭಾಗ ಆಕಾಶವೇ ಇರುತ್ತದೆ, ಆ ಕಡೆಗೆ ನಿಮ್ಮ ಮೈ ಬಿಸಿ ಬಿಡಬಹುದು. ಓಬವ್ವನ ಕಿಂಡಿಯಂಥ ಸಂದಿಗಳ ಹತ್ತಿರ ಹಾಗಲ್ಲ. ಎರಡೂ ಕಡೆ ಕಲ್ಲು, ಕಾಣುವ ಆಕಾಶ ಒಂದು ಪಟ್ಟಿ. ಕಲ್ಲು ಕಲ್ಲಿಗೂ ಬಿಸಿ ಕೊಡುತ್ತದೆ, ನಿಮಗೂ ಕೊಡುತ್ತದೆ. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೆಳಗ್ಗೆಯೇ ಹೋಗಿ. ರಾತ್ರಿಯಿಡೀ ತಣಿದ ಬಂಡೆಗಳು ಆಗ ನಿಮ್ಮ ಪರವಾಗಿರುತ್ತವೆ.

ಛತ್ರಿ ಕಪ್ಪಗಿರಬೇಕಾ, ಬೆಳ್ಳಗಿರಬೇಕಾ?

ದಪ್ಪ ಬಟ್ಟೆಯದಾದರೆ ಯಾವುದೂ ಆದೀತು. ತೆಳು ಬಿಳಿ ಬಟ್ಟೆ ಬೆಳಕನ್ನು ಒಳಗೆ ಬಿಡುತ್ತದೆ. ಕಪ್ಪು ಬಟ್ಟೆ ಅದನ್ನು ತಡೆದು ತಾನು ಕಾಯುತ್ತದೆ. ಹೊರಗೆ ಬಿಳಿ ಅಥವಾ ಬೆಳ್ಳಿ ಬಣ್ಣ, ಒಳಗೆ ಕಪ್ಪು ಇರುವ ಛತ್ರಿ ಸಿಕ್ಕರೆ ಅದೇ ಒಳ್ಳೆಯದು.

## ಭಟ್ಟಿ, ಆಸ್ಪತ್ರೆ, ಕೆಲಸದ ಜಾಗ

ಮಂಡಕ್ಕಿ ಭಟ್ಟಿ ಮುಂದೆ ಕೆಲಸ ಮಾಡೋರಿಗೆ ಒಂದು ದೊಡ್ಡ ಫ್ಯಾನ್ ಹಾಕಿಕೊಟ್ರೆ ಸಾಕಲ್ವಾ?

ಸಾಲದು. ಈ ಪ್ರಶ್ನೆಗೆ ಉತ್ತರ ಸರಿಯಾಗಿ ಗೊತ್ತಾಗುವುದು ಬಹಳ ಮುಖ್ಯ. ದಾವಣಗೆರೆಯಲ್ಲಿ ಎಷ್ಟೋ ಮನೆಗಳ ಅನ್ನ ಈ ಭಟ್ಟಿಗಳಿಂದ ಬರುತ್ತದೆ.

ಅಕ್ಕಿ ಅರಳುವುದು ಕಾದ ಮರಳಿನಲ್ಲಿ. ಮರಳು ಅಕ್ಕಿಯನ್ನು ಸುತ್ತಲಿಂದ ಮುಟ್ಟಿ ಬಿಸಿ ಕೊಡುತ್ತದೆ. ಆದರೆ ಹುರಿಯುವವರ ಮುಖ, ಎದೆ, ತೋಳಿಗೆ ಬರುವುದು ಬೆಂಕಿಯ ಬಾಯಿಯಿಂದ, ಕಾದ ಬಾಣಲೆಯಿಂದ ಬರುವ ಝಳ. ಗಾಳಿ ನಮ್ಮ ಚರ್ಮಕ್ಕಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಬಿಸಿಯಾಗಿದ್ದರೆ ಫ್ಯಾನ್ ಮೈಗೆ ಬಿಸಿಯನ್ನೇ ತಂದು ಸುರಿಯುತ್ತದೆ. ಬೆವರು ಆರುವುದರಿಂದ ಆಗುವ ತಂಪು ಮಾತ್ರ ಲಾಭ. ಝಳ ಒಂದಿಷ್ಟೂ ಕಮ್ಮಿಯಾಗುವುದಿಲ್ಲ.

ಬೇಕಾಗಿರುವುದು ಅಡ್ಡಗಟ್ಟು. ಬೆಂಕಿಯ ಬಾಯಿಗೂ ಮನುಷ್ಯನಿಗೂ ನಡುವೆ ತಗಡಿನ ತಡೆ ನಿಲ್ಲಿಸಬೇಕು. ಒಂದೇ ತಗಡು ಕಾದು ತಾನೇ ಝಳ ಬಿಡತೊಡಗುತ್ತದೆ. ಎರಡು ತಗಡು ಇಟ್ಟು ನಡುವೆ ನಾಲ್ಕು ಬೆರಳು ಜಾಗ ಬಿಟ್ಟರೆ, ನಡುವಿನ ಗಾಳಿ ಮೇಲಕ್ಕೆ ಹರಿದು ತಣಿಸುತ್ತದೆ. ಬೆಂಕಿಯ ಕಡೆ ಹೊಳಪಿದ್ದು, ಮಸಿ ಹಿಡಿಯದಂತೆ ಆಗಾಗ ಒರೆಸಿದರೆ ಇನ್ನೂ ಚೆನ್ನ. ಇಂಧನ ಹಾಕುವ ಬಾಯಿಗೆ ಮುಚ್ಚಳವಿರಲಿ, ಹಾಕುವಾಗ ಮಾತ್ರ ತೆಗೆಯಿರಿ. ತಡೆ ನಿಂತ ಮೇಲೆ ಫ್ಯಾನ್ ಹಾಕಿ, ಆಗ ಅದರಿಂದ ಪ್ರಯೋಜನವಿದೆ.

ಸೆಕೆ ಎಂದು ಅಂಗಿ ಬಿಚ್ಚಿ ಕೆಲಸ ಮಾಡುವವರಿದ್ದಾರೆ. ಬೆಂಕಿಯ ಎದುರು ತುಂಬು ತೋಳಿನ ಸಡಿಲ ಹತ್ತಿ ಅಂಗಿಯೇ ಮೇಲು. ಬಟ್ಟೆ ಝಳವನ್ನು ತಾನು ತಗೊಳ್ಳುತ್ತದೆ. ವರ್ಷಗಟ್ಟಲೆ ಕೆಂಪಗೆ ಕಾದ ಗಾಜು, ಕಬ್ಬಿಣವನ್ನೇ ದಿಟ್ಟಿಸಿ ಕೆಲಸ ಮಾಡಿದವರಿಗೆ ಕಣ್ಣಿನ ಪೊರೆ ಬರುವುದು ವೈದ್ಯರಿಗೆ ಹಿಂದಿನಿಂದಲೂ ಗೊತ್ತು. ಬೆಂಕಿ ನೋಡುವ ಕೆಲಸವನ್ನು ಒಬ್ಬರ ಮೇಲೇ ಹಾಕದೆ ಸರದಿ ಮಾಡಿಕೊಳ್ಳಿ. ನೀರು, ಉಪ್ಪು ಹಾಕಿದ ಮಜ್ಜಿಗೆ ಕೈಗೆಟುಕುವಲ್ಲಿ ಇರಲಿ. ತಲೆ ಸುತ್ತಿ, ಮಾತು ತೊದಲಿದರೆ ಕೆಲಸ ನಿಲ್ಲಿಸಿ, ನೆರಳಿಗೆ ಕರೆತಂದು ಮೈಮೇಲೆ ನೀರು ಹಾಕಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡು ಹೆಜ್ಜೆ ಹಿಂದೆ ನಿಂತ್ರೆ ಎಷ್ಟು ಕಮ್ಮಿ ಆಗುತ್ತೆ?

ಬೆಂಕಿ ಚಿಕ್ಕದಿದ್ದು ನೀವು ಸಾಕಷ್ಟು ದೂರವಿದ್ದರೆ, ದೂರ ಎರಡು ಪಟ್ಟಾದಾಗ ಝಳ ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು. ಅಗಲವಾದ ಭಟ್ಟಿ ಬಾಯಿಗೆ ತೀರ ಹತ್ತಿರವಿದ್ದಾಗ ಇಷ್ಟು ಬೇಗ ಇಳಿಯದು. ಪಕ್ಕಕ್ಕೆ ಸರಿದು ನಿಂತರೂ ಲಾಭವಿದೆ, ಅಲ್ಲಿಂದ ಬೆಂಕಿಯ ಬಾಯಿ ಕಿರಿದಾಗಿ ಕಾಣುತ್ತದೆ. ಬೆಂಕಿ ನಿಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟೇ ಝಳ.

ಹೆರಿಗೆ ವಾರ್ಡಲ್ಲಿ ಮಗೂನ ಬಟ್ಟೆ ಇಲ್ಲದೆ ಹೀಟರ್ ಕೆಳಗೆ ಮಲಗಿಸಿದ್ರು. ಮಗು ತಣ್ಣಗಾಗಲ್ವಾ?

ಅದು ವಾರ್ಮರ್. ಮೇಲಿನ ಕಾದ ಸರಳಿನಿಂದ ಝಳ ನೇರ ಚರ್ಮಕ್ಕೆ ಬೀಳಬೇಕು, ಬಟ್ಟೆ ಇದ್ದರೆ ತಡೆಯುತ್ತದೆ. ಸುತ್ತ ತೆರೆದೇ ಇರುವುದರಿಂದ ಡಾಕ್ಟರ್, ನರ್ಸ್ ಮಗುವಿಗೆ ಬೇಕಾದ ಚಿಕಿತ್ಸೆ ಮಾಡಬಹುದು. ಹೊಟ್ಟೆಯ ಮೇಲೆ ಅಂಟಿಸಿದ ಪುಟ್ಟ ಸೆನ್ಸರ್ ಮಗುವಿನ ಬಿಸಿ ನೋಡಿಕೊಂಡು ಹೀಟರನ್ನು ಹೆಚ್ಚುಕಮ್ಮಿ ಮಾಡಿಸುತ್ತದೆ. ಅದನ್ನು ಯಾರೂ ಕೀಳಬಾರದು. ಪ್ರೀತಿಯಿಂದ ಶಾಲು ಹೊದಿಸಲು ಹೋಗುವ ಅಜ್ಜಿಯರಿಗೆ ಇದನ್ನು ತಿಳಿಸಿ ಹೇಳಿ.

ಹಣೆಗೆ ಹಿಡಿಯೋ ಥರ್ಮಾಮೀಟರನ್ನ ಬಿಸಿ ಸ್ಟೀಲ್ ಪಾತ್ರೆಗೆ ಹಿಡಿದ್ರೆ ಕಮ್ಮಿ ತೋರಿಸುತ್ತೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ಅದು ಝಳವನ್ನು ಅಳೆದು ಬಿಸಿಯನ್ನು ಲೆಕ್ಕ ಹಾಕುತ್ತದೆ. ನಮ್ಮ ಚರ್ಮ ತನ್ನ ಬಿಸಿಗೆ ತಕ್ಕಷ್ಟು ಝಳ ಬಿಡುತ್ತದೆ. ಹೊಳೆಯುವ ಸ್ಟೀಲ್ ಬಿಡುವುದು ಅದರಲ್ಲಿ ಅಲ್ಪ ಪಾಲು. ಪಾತ್ರೆಗೆ ಒಂದು ಚೂರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಕಾರ್ಖಾನೆಯಲ್ಲಿ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಟೇಪಿಗೆ ಹಿಡಿದರೆ ಸರಿಯಾದ ಅಂಕಿ ಬರುತ್ತದೆ. ಹಣೆಯದ್ದು ಮೈಬಿಸಿಗಷ್ಟೇ ಹೊಂದಿಸಿರುತ್ತದೆ.

## ಸ್ವಲ್ಪ ಆಳಕ್ಕೆ

ಬಿಸಿ ಎರಡು ಪಟ್ಟಾದ್ರೆ ಝಳ ಹದಿನಾರು ಪಟ್ಟು ಅಂತಾರೆ. ನಿಜವಾ?

ನಿಜ, ಆದರೆ ಲೆಕ್ಕವನ್ನು ಕೆಲ್ವಿನ್‌ನಲ್ಲಿ ಹಾಕಬೇಕು. ಸೆಲ್ಸಿಯಸ್ ಅಂಕಿಗೆ 273 ಕೂಡಿದರೆ ಕೆಲ್ವಿನ್. 1879ರಲ್ಲಿ ಯೋಸೆಫ್ ಸ್ಟೆಫಾನ್ ಪ್ರಯೋಗದ ಅಂಕಿಗಳಿಂದ ಈ ನಿಯಮ ಕಂಡುಕೊಂಡರು. 1884ರಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಅದಕ್ಕೆ ಸಿದ್ಧಾಂತದ ಆಧಾರ ಕೊಟ್ಟರು. ಝಳವು ಕೆಲ್ವಿನ್ ಬಿಸಿಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ.

27 ಡಿಗ್ರಿಯ ಗೋಡೆ ಎಂದರೆ 300 ಕೆಲ್ವಿನ್. 900 ಡಿಗ್ರಿಯ ಕೆಂಡ ಎಂದರೆ 1,173 ಕೆಲ್ವಿನ್. ಕೆಲ್ವಿನ್‌ನಲ್ಲಿ ನಾಲ್ಕು ಪಟ್ಟೂ ಆಗಲಿಲ್ಲ, ಆದರೆ ಝಳ 230 ಪಟ್ಟು ದಾಟಿತು. ವಹನದಲ್ಲಿ ಹೀಗೆ ಏರುವುದಿಲ್ಲ, ಬಿಸಿಯ ಅಂತರ ದುಪ್ಪಟ್ಟಾದರೆ ಹರಿವೂ ದುಪ್ಪಟ್ಟು, ಅಷ್ಟೇ. ಒಲೆ ಸಣ್ಣಗಿದ್ದಾಗ ಗೊತ್ತೇ ಆಗದ ಝಳ, ಉರಿ ಜೋರಾದಾಗ ಒಮ್ಮೆಲೇ ತಡೆಯಲಾಗದಂತೆ ಆಗುವುದು ಇದಕ್ಕೇ.

ಕಾಣದ ಕಿರಣ ಇದೆ ಅಂತ ಮೊದಲು ಗೊತ್ತಾಗಿದ್ದು ಹೇಗೆ?

1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣವಾಗಿ ಬಿಡಿಸಿ, ಬೇರೆ ಬೇರೆ ಬಣ್ಣಗಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು. ಕೆಂಪು ಮುಗಿದ ಮೇಲೆ, ಬಣ್ಣವೇ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇನ್ನೂ ಜಾಸ್ತಿ ಏರಿತು.

ವಸ್ತು ಎಷ್ಟು ಬಿಸಿಯಾದರೆ ಅಲೆ ಅಷ್ಟು ಗಿಡ್ಡ. ನಮ್ಮ ಮೈಯಿಂದ ಹೊರಡುವ ಅಲೆಯ ಉದ್ದ 10 ಮೈಕ್ರಾನ್ ಆಸುಪಾಸು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಕಬ್ಬಿಣ 500 ಡಿಗ್ರಿ ದಾಟಿದರೆ ಕತ್ತಲಲ್ಲಿ ಮಂದ ಕೆಂಪಾಗಿ ಕಾಣತೊಡಗುತ್ತದೆ. ಸುಮಾರು 5,500 ಡಿಗ್ರಿಯ ಸೂರ್ಯನ ಮೇಲ್ಮೈಯಿಂದ ಬರುವ ಕಿರಣಗಳ ಗರಿಷ್ಠ ಭಾಗ ಅರ್ಧ ಮೈಕ್ರಾನ್ ಹತ್ತಿರ, ಕಣ್ಣಿಗೆ ಕಾಣುವ ಬೆಳಕಿನಲ್ಲೇ ಇದೆ. ಬಿಸಿಲಲ್ಲಿ ನಿಲ್ಲಿಸಿದ ಕಾರು ಒಳಗೆ ಕುದಿಯುವುದಕ್ಕೂ ಈ ವ್ಯತ್ಯಾಸ ಒಂದು ಕಾರಣ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ಸೀಟಿನ ಉದ್ದ ಅಲೆಯನ್ನು ಹೊರಗೆ ಬಿಡುವುದಿಲ್ಲ. ಬಿಸಿಯಾದ ಗಾಳಿಗೂ ಹೊರದಾರಿ ಇಲ್ಲ.

ಮೋಡ ಇಲ್ಲದ ರಾತ್ರಿ ಯಾಕೆ ಚಳಿ ಜಾಸ್ತಿ?

ನೆಲ ರಾತ್ರಿಯಿಡೀ ಆಕಾಶದ ಕಡೆಗೆ ಕಿರಣ ಬಿಡುತ್ತದೆ. ಮೋಡವಿದ್ದರೆ ಅದು ತಾನೂ ಕಿರಣ ಬಿಟ್ಟು ಬಹುಪಾಲನ್ನು ತುಂಬಿಕೊಡುತ್ತದೆ. ಗಾಳಿಯಲ್ಲಿರುವ ನೀರಾವಿ, ಕಾರ್ಬನ್ ಡೈಆಕ್ಸೈಡ್ ಕೂಡ ಇದೇ ಕೆಲಸ ಮಾಡುತ್ತವೆ. ಇವು ಇಲ್ಲದಿದ್ದರೆ ಭೂಮಿಯ ಸರಾಸರಿ ಬಿಸಿ ಈಗಿನ 15 ಡಿಗ್ರಿ ಹತ್ತಿರ ಇರದೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಒಣ ಹವೆಯ ಶುಭ್ರ ಆಕಾಶ ನಮ್ಮ ಗಾಳಿಗಿಂತ ಹತ್ತಿಪ್ಪತ್ತು ಡಿಗ್ರಿ ತಣ್ಣಗಿನ ಸೂರಿನ ಲೆಕ್ಕಕ್ಕೆ ಸಮ. ಮನೆಯೊಳಗೆ ಬೆಂದವರು ತಾರಸಿ ಮೇಲೆ ಚಾಪೆ ಹಾಸಿದ ಕೂಡಲೇ ಹಾಯೆನಿಸುವುದರಲ್ಲಿ ಗಾಳಿಯ ಜೊತೆ ಇದರ ಪಾಲೂ ಇದೆ.

ಫ್ರಿಜ್ ಇಲ್ಲದ ಕಾಲದಲ್ಲಿ ಅಲಹಾಬಾದ್ ಕಡೆ ಇದೇ ಉಪಾಯದಿಂದ ಐಸ್ ಮಾಡುತ್ತಿದ್ದರು. ಗುಂಡಿ ತೋಡಿ, ಕಬ್ಬಿನ ಅಥವಾ ಜೋಳದ ದಂಟು ಹಾಸಿ, ಅದರ ಮೇಲೆ ಮಣ್ಣಿನ ಅಗಲ ತಟ್ಟೆಗಳಲ್ಲಿ ನೀರಿಡುತ್ತಿದ್ದರು. ದಂಟು ನೆಲದ ಬಿಸಿಯನ್ನು ತಡೆಯುತ್ತಿತ್ತು. ನೀರು ಸ್ವಲ್ಪ ಆವಿಯಾಗಿ, ಉಳಿದದ್ದು ಆಕಾಶಕ್ಕೆ ಬಿಸಿ ಬಿಟ್ಟು ಬೆಳಗಿನ ಜಾವಕ್ಕೆ ಹೆಪ್ಪುಗಟ್ಟುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯಾಗಿದ್ದ ರಾಬರ್ಟ್ ಬಾರ್ಕರ್ 1775ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಗಾಳಿ ಬೀಸುವ ರಾತ್ರಿ ಇದು ನಡೆಯದು, ಗಾಳಿ ಮತ್ತೆ ಮತ್ತೆ ಬಿಸಿ ತಂದುಕೊಡುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯ ರಾತ್ರಿ ಇಬ್ಬನಿ ಬೀಳದಿರುವುದಕ್ಕೂ ಇದೇ ಕಾರಣ.

ಸೋಲಾರ್ ಗೀಸರಿನ ಗಾಜಿನ ಕೊಳವೆ ಮುಟ್ಟಿದ್ರೆ ತಣ್ಣಗಿರುತ್ತೆ, ಒಳಗೆ ನೀರು ಸುಡುತ್ತೆ. ಹೇಗೆ?

ಕೊಳವೆಗೆ ಎರಡು ಗೋಡೆ, ನಡುವೆ ಗಾಳಿಯನ್ನೇ ತೆಗೆದಿರುತ್ತಾರೆ. ಹಾಗಾಗಿ ವಹನ, ಸಂವಹನಕ್ಕೆ ದಾರಿ ಇಲ್ಲ. ಉಳಿದದ್ದು ವಿಕಿರಣ. ಒಳ ಕೊಳವೆಗೆ ಹಚ್ಚಿದ ಕಪ್ಪು ಲೇಪ ಬಿಸಿಲನ್ನು ಚೆನ್ನಾಗಿ ಹೀರುತ್ತದೆ, ಅವಗೆಂಪನ್ನು ಬಹಳ ಕಮ್ಮಿ ಬಿಡುತ್ತದೆ. ತಾರಸಿಯ ಸುಣ್ಣಕ್ಕೆ ಇದು ಸರಿಯಾಗಿ ತಿರುಗುಮುರುಗು. ಜೇಮ್ಸ್ ಡ್ಯೂವರ್ 1892ರಲ್ಲಿ ಮಾಡಿದ ಫ್ಲಾಸ್ಕಿನಲ್ಲೂ ಇದೇ ಎರಡು ಗೋಡೆಯ ಉಪಾಯವಿದೆ, ಅಲ್ಲಿ ಕಪ್ಪಿನ ಬದಲು ಕನ್ನಡಿಯ ಲೇಪ.

ಹವಾಮಾನ ವರದಿ 39 ಡಿಗ್ರಿ ಅನ್ನುತ್ತೆ. ಹೊರಗೆ ನಿಂತ್ರೆ 50 ಅನ್ನಿಸುತ್ತೆ. ಸುಳ್ಳು ಹೇಳ್ತಾರಾ?

ಸುಳ್ಳಲ್ಲ. ಅವರು ಅಳೆಯುವುದು ಗಾಳಿಯ ಬಿಸಿ ಮಾತ್ರ. ಝಳ ತಾಗದಿರಲೆಂದೇ ಥರ್ಮಾಮೀಟರನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ನೀವು ಪೆಟ್ಟಿಗೆಯೊಳಗೆ ಇಲ್ಲವಲ್ಲ. ಹೊಲ, ರಸ್ತೆ, ಭಟ್ಟಿಯಲ್ಲಿ ದುಡಿಯುವವರಿಗೆ ಬೇರೆ ಅಳತೆಯಿದೆ. ಕಪ್ಪು ಬಳಿದ ಟೊಳ್ಳು ತಾಮ್ರದ ಗುಂಡಿನೊಳಗೆ ಒಂದು ಥರ್ಮಾಮೀಟರ್, ಒದ್ದೆ ಬಟ್ಟೆ ಸುತ್ತಿದ್ದು ಇನ್ನೊಂದು, ಸಾದಾ ಮತ್ತೊಂದು. ಬಯಲಿನಲ್ಲಾದರೆ ಒದ್ದೆಯದಕ್ಕೆ ನೂರಕ್ಕೆ 70, ಕಪ್ಪು ಗುಂಡಿಗೆ 20, ಸಾದಾದಕ್ಕೆ 10 ಪಾಲು ಕೊಟ್ಟು ಕೂಡುತ್ತಾರೆ. ಎಷ್ಟು ಹೊತ್ತು ದುಡಿಯಬಹುದು, ಎಷ್ಟು ವಿರಾಮ ಬೇಕು ಎಂಬುದನ್ನು ಅದರಿಂದ ನಿರ್ಧರಿಸಬಹುದು.

ಶಾಲೆಯಲ್ಲೇ ಇದರ ಸರಳ ರೂಪ ಮಾಡಬಹುದು. ಖಾಲಿ ತಗಡಿನ ಡಬ್ಬಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಮುಚ್ಚಳದಲ್ಲಿ ತೂತು ಕೊರೆದು, ಪ್ರಯೋಗಾಲಯದ ಥರ್ಮಾಮೀಟರ್ ಇಳಿಬಿಡಿ. ಪಕ್ಕದಲ್ಲಿ ಬಿಳಿ ರಟ್ಟಿನ ನೆರಳಲ್ಲಿ ಇನ್ನೊಂದು ಥರ್ಮಾಮೀಟರ್ ನೇತುಹಾಕಿ. ಬೇವಿನ ಮರದ ಕೆಳಗೆ, ಬಸ್ ಸ್ಟಾಪಿನ ಶೀಟಿನ ಕೆಳಗೆ, ಸುಣ್ಣ ಬಳಿದ ಮತ್ತು ಬಳಿಯದ ಸೂರಿನ ಕೆಳಗೆ ಅರ್ಧ ಗಂಟೆ ಇಟ್ಟು ಎರಡರ ಅಂಕಿಯನ್ನೂ ಬರೆದುಕೊಳ್ಳಿ. ಡಬ್ಬಿ ಗಾಳಿಗಿಂತ ಎಷ್ಟು ಡಿಗ್ರಿ ಮೇಲಿದೆಯೋ ಅಲ್ಲಿ ಝಳ ಅಷ್ಟು ಜಾಸ್ತಿ. ಆ ಪಟ್ಟಿಯನ್ನು ಪಂಚಾಯಿತಿಗೋ ಪಾಲಿಕೆಗೋ ಕೊಟ್ಟು, ಎಲ್ಲಿ ಮರ ಬೇಕು, ಯಾವ ಶಾಲೆಯ ಸೂರಿಗೆ ಬಿಳಿ ಬಣ್ಣ ಬೇಕು ಎಂದು ಕೇಳಿ.